ಜಡೆಮ್ಮ ವಾಪಸು ಕೊಟ್ಟ ಹಕ್ಕುಪತ್ರ

ಶರಣರೇ, ಒಂದು ಬೆಟ್ಟದ ಬುಡದಲ್ಲಿ ಸೋಲಿಗರ ಪೋಡು ಇತ್ತು. ಪೋಡು ಅಂದರೆ ಅವರ ಹಟ್ಟಿ. ಅಲ್ಲಿ ಜಡೆಮ್ಮ ಅಂತ ಒಬ್ಬ ಹಿರಿಯಳು. ಅವಳ ಅಜ್ಜಿ, ಅಜ್ಜಿಯ ಅಜ್ಜಿ, ಎಲ್ಲರೂ ಆ ಕಾಡಿನಲ್ಲೇ ರಾಗಿ ಬೆಳೆದು, ಜೇನು ಕೊಯ್ದು, ಆ ಮಣ್ಣಿನಲ್ಲೇ ಮಲಗಿದವರು. ಆದರೂ ಸರ್ಕಾರದ ಕಣ್ಣಿಗೆ ಅವರು ಯಾರು? ಅತಿಕ್ರಮಣಕಾರರು! ನೋಡಿ, ಮನೆ ಕಟ್ಟಿದವನನ್ನೇ ಕಳ್ಳ ಅಂದ ಹಾಗೆ.

ವರ್ಷಗಟ್ಟಲೆ ಕಚೇರಿ ಅಲೆದ ಮೇಲೆ ಅಂತೂ ಶಾಮಿಯಾನ ಎದ್ದಿತು. ಹಕ್ಕುಪತ್ರ ಹಂಚುವ ಸಮಾರಂಭ. ಮೊದಲ ಪತ್ರ ಜಡೆಮ್ಮನ ಕೈಗೆ. ಚಪ್ಪಾಳೆಯೋ ಚಪ್ಪಾಳೆ! ಅರಣ್ಯ ಇಲಾಖೆಯ ಸಾಹೇಬರು ಮೈಕಿನಲ್ಲಿ ಹೇಳಿದರು: "ಹೊಲ, ಗುಡಿಸಲು ನಿಮ್ಮದು. ಜೇನು ಯಾವಾಗ ಕೊಯ್ಯಬೇಕು, ದೇವರ ಬನಕ್ಕೆ ಯಾವಾಗ ಹೋಗಬೇಕು, ಅದನ್ನು ಒಂದು ಸಮಿತಿ ತೀರ್ಮಾನಿಸುತ್ತದೆ."

"ಸಮಿತಿಗೆ ಯಜಮಾನ್ರು ಯಾರು ಸ್ವಾಮಿ?" ಅಂದಳು ಜಡೆಮ್ಮ.

"ನಾನೇ."

"ಮತ್ತೆ ನಾವು?"

"ಬಂದು ಹೆಬ್ಬೆಟ್ಟು ಒತ್ತಿ, ಸಾಕು."

ಜಡೆಮ್ಮ ಪತ್ರವನ್ನು ತಿರುಗಿಸಿ ನೋಡಿದಳು. ಕೈಗೆ ಬಂದದ್ದನ್ನು ಬಿಟ್ಟರೆ ಮತ್ತೆ ಸಿಕ್ಕೀತೇ? ಹಿಂದಿನಿಂದ ಅಳಿಯ ಕೇತೇಗೌಡ ಪಿಸುಗುಟ್ಟಿದ: "ಸುಮ್ನೆ ಮಡಿಕ್ಕೊ ಅತ್ತೆ, ಇದೂ ಹೋದಾತು."

ಅವಳು ಸಾಹೇಬರ ಮುಖ ನೋಡಿದಳು. "ಉಣ್ಣಕ್ಕೆ ಎಲೆ ಹಾಕ್ಬುಟ್ಟು ಕೈ ಕಟ್ಟುದ್ರೆ ಹೆಂಗ್ ಸ್ವಾಮಿ? ಕಾಡೂ ನಮ್ದು, ಕಾಡಿನ್ ನ್ಯಾಯವೂ ನಮ್ದು. ಕೊಟ್ರೆ ಎರಡೂ ಕೊಡಿ. ಇಲ್ದಿದ್ರೆ ಇದ್ನೂ ನೀವೇ ಮಡಿಕ್ಕಳಿ." ಪತ್ರವನ್ನು ಮೇಜಿನ ಮೇಲಿಟ್ಟು ವೇದಿಕೆ ಇಳಿದಳು.

ಪೋಡಿನವರು ಬೈದರು. ಅಳಿಯ ಮಾತು ಬಿಟ್ಟ. ಹೆದರಿದಳೇ? ಹೆದರಿದಳು. ಬಗ್ಗಿದಳೇ? ಬಗ್ಗಲಿಲ್ಲ. ಜೇನಿನ ಕಾಲ ಬಂತು, ಸಮಿತಿಯ ಅಪ್ಪಣೆ ಬರಲಿಲ್ಲ. ಬುಟ್ಟಿ ಹೊತ್ತು ಒಬ್ಬಳೇ ಹೊರಟಳು. ಗಾರ್ಡು ಅಡ್ಡ ನಿಂತ.

"ಹಿಡ್ಕೊಂಡ್ ಹೋಗಪ್ಪ," ಅಂದಳು. "ನಾಳೆ ಇನ್ನೊಬ್ರು ಬತ್ತಾರೆ."

ಅವಳನ್ನು ಜೀಪು ಹತ್ತಿಸಿದರು. ಮಾರನೆಯ ದಿನ ಬುಟ್ಟಿ ಹೊತ್ತು ಬಂದವನು ಯಾರು ಗೊತ್ತೇ? ಮಾತು ಬಿಟ್ಟಿದ್ದ ಅದೇ ಅಳಿಯ! ಅವನ ಹಿಂದೆ ಇಡೀ ಪೋಡು. ಎಷ್ಟು ಜನರನ್ನು ಹಿಡಿಯುತ್ತೀರಿ? ಯಾವ ಜೀಪು ಸಾಕಾಗುತ್ತದೆ?

ಕೊನೆಗೆ ಸರ್ಕಾರ ಒಪ್ಪಲೇಬೇಕಾಯಿತು. ಜಡೆಮ್ಮನನ್ನು ಬಿಟ್ಟರು, ಹಕ್ಕುಪತ್ರವನ್ನೂ ಕೊಟ್ಟರು. ಸಮಿತಿ ಹೋಯಿತು, ಕಾಡಿನ ಮಾತಿಗೆ ಪೋಡಿನ ಗ್ರಾಮಸಭೆಯೇ ದೊಡ್ಡದಾಯಿತು. ಸಾಹೇಬರು ಅಲ್ಲಿಗೆ ಬಂದಾಗ ಜಡೆಮ್ಮ ಚಾಪೆ ಹಾಸಿದಳು. "ಕುಂತ್ಕಳಿ ಸ್ವಾಮಿ. ಇಲ್ಲಿ ನೀವು ನೆಂಟ್ರು. ಗಂಜಿ ಕುಡೀರಿ, ನಮ್ ಮಾತು ಕೇಳಿ."

ತಲೆದೂಗಬೇಡಿ ಶರಣರೇ. ಆ ಸಾಹೇಬ ಯಾರು? ನಾವೇ! ಸೊಸೆಯ ಕೈಗೆ ಮನೆ ಕೊಟ್ಟು, ಸಾರಿಗೆ ಉಪ್ಪೆಷ್ಟು ಅಂತ ನಾವೇ ಹೇಳುವುದಿಲ್ಲವೇ? ನಮ್ಮ ಕೆರೆಯಾಚೆ ಕಾಡಿನ ಜನ ತಮ್ಮ ಹಿರಿಯರನ್ನು ಹೂತ ಜಾಗವಿದೆ. ಅದಕ್ಕೆ ಬೇಲಿ ಹಾಕಿದವರು ಈ ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ಹಣೆ ತುಂಬ ವಿಭೂತಿ! "ಬೇರೆ ಕಡೆ ಜಾಗ ಕೊಡೋಣ" ಎಂದು ಅವರಿಲ್ಲದ ಸಭೆಯಲ್ಲಿ ತೀರ್ಮಾನವನ್ನೂ ಮಾಡಿದ್ದೀರಿ. ಕೊಡಲು ನೀವು ಯಾರು? ಇನ್ನೊಬ್ಬರ ಬದುಕಿನ ಮಾತು ಬಂದರೆ ಮೊದಲು ಅವರನ್ನು ಕೇಳಿ. ಅವರು ಬೇಡ ಅಂದರೆ ಬಾಯಿ ಮುಚ್ಚಿ.

ನಾಳೆ ಬೆಳಗ್ಗೆ ಆ ಬೇಲಿ ಕೀಳಿ. ಕಿತ್ತು ಮಠಕ್ಕೆ ಬನ್ನಿ. ಅಲ್ಲಿಯವರೆಗೆ ನಿಮ್ಮ ಕೈಯ ಹೂವು ನನಗೆ ಬೇಡ.