ಅಮರಪ್ಪ ತುಂಬಿಟ್ಟ ಸ್ಟೋ

ನಿಜಾಮನ ರಾಜ್ಯ ಹೋದ ಮರುವರ್ಷ, ಸುರಪುರದ ಚಿಮಣಿ ಎಣ್ಣೆಯ ಸಾಲಿನಲ್ಲಿ ನಿಂತಿದ್ದ ಹಂಪಮ್ಮನಿಗೆ ತನ್ನ ಮುಂದಿದ್ದ ಇಬ್ಬರು ಹೆಂಗಸರ ಮಾತು ಕೇಳುತ್ತಿತ್ತು. ಹಿರಿಯಳು, ಖಾಲಿ ಶೀಶೆ ಹಿಡಿದಿದ್ದ ಕಿರಿಯಳನ್ನು ಕೇಳಿದಳು.

“ಮೌನಮ್ಮ, ನಿಮ್ಮನಿ ಸ್ಟೋದಾಗ ಎಣ್ಣಿ ಅದಲ್ಲ?”

“ಅದು ನಮ್ಮನಿಯವರು ತುಂಬಿಟ್ಟಿದ್ದು, ಯಕ್ಕಾ. ಮೀನಿಗೆ ಹೋಗುವಾಗ ಒಯ್ಯಾಕಂತ ಲಾಳಿಕಿಗೆ ಅರಬಿ ತುಂಡು ಕಟ್ಟಿ ಸೋಸಿ ಸುರಿದಿದ್ರು. ಒಂದು ಹನಿ ಚೆಲ್ಲಿರಲಿಲ್ಲ. ಊರಾಗ ಗದ್ದಲ ಎದ್ದದ ಅಂತ ಸ್ಟೋ ಇಲ್ಲೇ ಬಿಟ್ಟು ಹೊಳಿಗೆ ಓಡಿದವರು ತಿರುಗಿ ಬರಲಿಲ್ಲ.”

“ಅಮರಪ್ಪ ಹೋಗಿ ವರ್ಷಾತು. ಎಣ್ಣಿ ಆರಿಹೋಗ್ತದ, ಹಚ್ಚಿಬಿಡು.”

“ಮುಚ್ಚಳಕ್ಕ ಮೇಣ ಬಡದೀನಿ. ದಿನಾ ಕಿವಿಗೆ ಹಿಡಿದು ಅಲ್ಲಾಡಸ್ತೀನಿ. ಇನ್ನೂ ಸಪ್ಪಳ ಬರ್ತದ.”

ಮೌನಮ್ಮನ ಸರದಿ ಬಂತು. ಅಂಗಡಿಯವನು ಸುರಿದ ಎಣ್ಣೆ ಶೀಶೆಯ ಬಾಯಿ ಮೀರಿ ಮೌನಮ್ಮನ ಕೈಮೇಲೆ ಹರಿಯಿತು.

“ಯಾರಿಗೂ ಸುರಿಯಾಕ ಬರಂಗಿಲ್ಲ ನೋಡಕ್ಕಾ,” ಎಂದವಳು ಕೈ ಒರೆಸಿಕೊಳ್ಳದೆ ಹೊರಟುಹೋದಳು.