ಕಟ್ಟಿ ಮ್ಯಾಲಿನ ಸಾಲಿ

ಸಿಂಧನೂರು ಸೀಮೆಯ ಹೊಳೆದಂಡೆಯಲ್ಲಿ ಬೀಗರ ದಾರಿ ಕಾಯುತ್ತಿದ್ದ ವಿರುಪಣ್ಣನ ಕಿವಿಗೆ ಪಕ್ಕದಲ್ಲಿ ಹರಿಗೋಲಿಗೆ ಕಾದು ನಿಂತಿದ್ದ, ಗುರುತಿಲ್ಲದ ಅಕ್ಕತಂಗಿಯರಿಬ್ಬರ ಮಾತು ಬಿತ್ತು. ಹೊಳೆಯ ಈಚೆ ನಿಜಾಮರ ರಾಜ್ಯ, ಆಚೆ ಇಂಗ್ರೇಜರದು. ಅಕ್ಕ ಆಚೆಗೆ ಸೊಸೆಯಾಗಿ ಹೋದವಳು.

“ನಮ್ಮ ಕಡೆ ದವಾಖಾನಿ ಐತಿ, ಕನ್ನಡ ಸಾಲಿ ಐತಿ. ನಿಮ್ಮಲ್ಲಿ ಬರೇ ಉರ್ದು. ಮಗಳನ್ನ ನನ್ನ ಕೂಡ ಕಳಿಸು, ಶೇಖಮ್ಮ.”

“ಇಲ್ಲಕ್ಕ. ಆಕಿ ಮಠದಾಗ ಕನ್ನಡ ಕಲ್ತು, ಈಗ ನಮ್ಮ ಕಟ್ಟಿ ಮ್ಯಾಲೆ ಓಣಿ ಹುಡುಗ್ಯಾರಿಗೆ ಕಲಿಸಾಕತ್ತಾಳ. ಆಕಿ ಬಂದ್ರ ಅವರಿಗೆ ಯಾರದಾರ?”

“ಕಟ್ಟಿ ಮ್ಯಾಲಿಂದು ಎಂಥಾ ಸಾಲಿ?”

“ನಿಮ್ಮೂರಾಗ ದೊಡ್ಡ ಸಾಲಿ ಐತೆಲ್ಲ, ನೀ ಓದಾಕ ಕಲ್ತಿಯೇನು?”

“ಸೊಸಿನ್ನ ಸಾಲಿಗೆ ಯಾರು ಕಳಸ್ತಾರ?”

“ನಾ ಕಲ್ತೀನಿ. ಮಗಳೇ ಕಲಿಸ್ಯಾಳ.”

ವಿರುಪಣ್ಣನಿಗೆ ತನ್ನ ಮಗಳೇ ಕಲಿಸಿದಷ್ಟು ಹಿಗ್ಗಾಯಿತು.

ಹರಿಗೋಲು ಬಂತು. ಅಕ್ಕ ತಂಗಿಯ ಕೈ ಹಿಡಿದುಕೊಂಡೇ ನೀರಿಗಿಳಿದಳು.

“ದೀಪಾವಳಿಗೆ ಬರ್ತೀನಿ. ನನಗೂ ಕಲಿಸಂತ ಹೇಳು ಆಕಿಗೆ,” ಎಂದು ಹತ್ತಿ ಕುಳಿತಳು.