‘ಹಾಲುಕ್ಕಿತು’ ಚಿತ್ರದ ಮೂರನೇ ದಾದಿ

ಈ ಸಭೆಯ ಅಧ್ಯಕ್ಷರೂ ನಮ್ಮ ಮೋಕಾ ಊರಿನ ಮೇಯರೂ ಆದ ಡೋನ್ಯಾ ಎಲುಪಿನಾ ಅವರೇ, ವೇದಿಕೆಯ ಮೇಲಿರುವ ಪಾದ್ರಿ ಇಗ್ನಾಸಿಯೊ ಅವರೇ, ಅಕಾರ್ಡಿಯನ್ನಿನ ತೆಯೊ ಮತ್ತು ಗುಯಿರ ಎಂಬ ತಗಡಿನ ವಾದ್ಯ ಉಜ್ಜುವ ಲಿಬ್ರಾದೊ ಎಂಬ ನನ್ನ ಇಬ್ಬರು ಮುದಿ ಗೆಳೆಯರೇ, ಮೂವತ್ತೈದು ವರ್ಷಗಳ ಹಿಂದೆ ಇದೇ ಟಾಕೀಸಿನಲ್ಲಿ ನಮ್ಮನ್ನು ನೋಡಿ ಹೊಟ್ಟೆ ಹಿಡಿದು ನಕ್ಕ ಸಭಿಕರೇ,

ಅಧ್ಯಕ್ಷರು ನನಗೆ ಐದು ನಿಮಿಷ ಕೊಟ್ಟಿದ್ದಾರೆ. ತಂಬೋರ ಡೋಲು ಬಾರಿಸುವ ಈ ಕಾನೋನಿಗೆ ಐದು ನಿಮಿಷ ಅಂದರೆ ಒಂದು ಹಾಡು. ನಮ್ಮ ಹಾಡು ಐದು ನಿಮಿಷಕ್ಕೆ ಮುಗಿದದ್ದನ್ನು ಈ ಊರಲ್ಲಿ ಯಾರಾದರೂ ನೋಡಿದ್ದೀರಾ?

ಟಾಕೀಸು ಮತ್ತೆ ತೆರೆದಿರುವ ಈ ಶುಭದಿನ ನಮ್ಮ ‘ಹಾಲುಕ್ಕಿತು’ ಚಿತ್ರವನ್ನೇ ಮೊದಲು ತೋರಿಸಿದ್ದೀರಿ. ಸಂತೋಷ. ನನ್ನ ತಲೆಯಲ್ಲಿ ಅಷ್ಟು ಕೂದಲಿತ್ತು ಎಂಬುದಕ್ಕೆ ಈಗ ಸಾಕ್ಷಿ ಸಿಕ್ಕಿತು. ಈಗಷ್ಟೇ ಅಧ್ಯಕ್ಷರು, ಬರುವ ಭಾನುವಾರ ನಾವು ಮೂವರೂ ರಾಜಧಾನಿಯ ಸಮುದ್ರದ ದಂಡೆಯಲ್ಲಿ ಮತ್ತೆ ಒಟ್ಟಿಗೆ ನುಡಿಸುತ್ತೇವೆ, ಬೆಳಿಗ್ಗೆ ಎಂಟಕ್ಕೆ ಬಸ್ಸು ಎಂದು ಘೋಷಿಸಿದರು. ನೀವು ಎದ್ದು ನಿಂತು ಚಪ್ಪಾಳೆ ಹೊಡೆದಿರಿ. ಅದೇ ಭಾನುವಾರ ಹತ್ತು ಗಂಟೆಗೆ ಇದೇ ಪಾದ್ರಿಗಳ ಕೈಯಿಂದ ನನ್ನ ಮೊಮ್ಮಗಳ ಜ್ಞಾನಸ್ನಾನ. ಈ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಸಿನಿಮಾ.

ಕಥೆ ನಿಮಗೆ ಗೊತ್ತೇ ಇದೆ. ಹನ್ನೆರಡು ಕೂಸುಗಳ ಶಿಶುವಿಹಾರ, ದಾದಿಯರೆಲ್ಲ ಒಟ್ಟಿಗೆ ಕೆಲಸ ಬಿಟ್ಟಿದ್ದಾರೆ, ಹಾಡಲು ಬಂದ ಮೂವರು ವಾದ್ಯಗಾರರು, ನಮ್ಮ ಮೆರೆಂಗೆ ಕುಣಿತದ ಹಾಡಿನವರು, ದಾದಿಯರ ಕೆಲಸಕ್ಕೆ ಸಿಕ್ಕಿಬೀಳುತ್ತಾರೆ. ನಿರ್ದೇಶಕರು ರಾಜಧಾನಿಯವರು, ಓದಿದವರು. ಮೊದಲ ದಿನವೇ ಹೇಳಿದರು, “ನೋಡ್ರಪ್ಪಾ, ಯಾರೂ ಎಣಿಸದೇ ಇರೋ ಹೊತ್ತಲ್ಲಿ ಬೀಳ್ಬೇಕು. ಆಗಲೇ ನಗು.” ನಾವು ಬಿದ್ದೆವು. ಹಾಲಿನ ಪಾತ್ರೆಯ ಮೇಲೆ ಬಿದ್ದೆವು, ತೊಟ್ಟಿಲ ಕೆಳಗೆ ಬಿದ್ದೆವು, ಪುಡಿ ಡಬ್ಬಿಯೊಳಗೆ ತಲೆ ತೂರಿಸಿ ಬಿದ್ದೆವು. ಆದರೆ ಎಷ್ಟು ಸಲ ಬಿದ್ದರೂ ಸರಿಯಾಗಿ ತಾಳದ ನಾಲ್ಕನೇ ಪೆಟ್ಟಿಗೇ ಬೀಳುತ್ತಿದ್ದೆವು. ನಿರ್ದೇಶಕರು ಟೋಪಿ ಬಿಸಾಕಿ ಕೂಗಿದರು, “ನೀವು ಬೀಳ್ತಿದ್ದೀರೋ, ಕುಣೀತಿದ್ದೀರೋ?” ತೆಯೊ ಕೈಕಟ್ಟಿ ನಿಂತು, “ಸಾರ್, ಕೈ ಮುರ್ಕೊಂಡು ಬೀಳು ಅನ್ನಿ, ಬೀಳ್ತೀವಿ. ತಾಳ ತಪ್ಪಿ ಬೀಳು ಅಂದ್ರೆ ನಮ್ಮ ಕೈಲಾಗಲ್ಲ” ಅಂದ. ಕೊನೆಗೆ ಅವರೇ ಸೋತರು. ಆ ಬೀಳುವಿಕೆ ನೋಡಲು ನೀವು ಎರಡೆರಡು ಸಲ ಟಿಕೆಟ್ ತೆಗೆದುಕೊಂಡಿರಿ.

ಕೂಸುಗಳನ್ನು ಮಲಗಿಸುವುದೂ ಅದೇ ಕಥೆ. ನಾನು ಬೆನ್ನು ತಟ್ಟಿದರೆ ಅದು ತಂಬೋರದ ಪೆಟ್ಟೇ ಆಗುತ್ತಿತ್ತು. ಮಲಗಿದ್ದ ಕೂಸೂ ಕಣ್ಣು ಬಿಟ್ಟು ಸೊಂಟ ಅಲ್ಲಾಡಿಸುತ್ತಿತ್ತು. ಎರಡನೇ ಸಾಲಿನಲ್ಲಿ ಮೀಸೆ ತಿರುವುತ್ತ ಕೂತಿರುವ ಪೊಲೀಸ್ ಸಾರ್ಜೆಂಟರೇ, ನಗಬೇಡಿ. ಆ ಹನ್ನೆರಡರಲ್ಲಿ ತಾವೂ ಒಬ್ಬರು. ತಮ್ಮ ಬಟ್ಟೆ ಬದಲಿಸಿದ ಕೈ ಇದು.

ಕೊನೆಯ ದೃಶ್ಯ ಮಾತ್ರ ನನ್ನ ಬಾಳಿಗೆ ಕಲ್ಲು ಹಾಕಿತು. ಚರ್ಚಿನಲ್ಲಿ ಜ್ಞಾನಸ್ನಾನ. ಕೂಸನ್ನು ಎತ್ತಿಕೊಂಡ ನಾನು ಪಾದ್ರಿಯ ನಿಲುವಂಗಿ ತುಳಿದು ಮುಗ್ಗರಿಸುತ್ತೇನೆ, ಕೂಸು ನೀರಿನ ತೊಟ್ಟಿಗೆ ಹಾರುತ್ತದೆ. ಅದು ಗೊಂಬೆ, ಮಹನೀಯರೇ! ರಬ್ಬರಿನ ಗೊಂಬೆ! ಆದರೆ ಅಂದಿನಿಂದ ಇಂದಿನವರೆಗೆ ಮೋಕಾದ ಒಬ್ಬಳು ತಾಯಿಯೂ ನನ್ನ ಕೈಗೆ ಕೂಸು ಕೊಟ್ಟಿಲ್ಲ. ಬಸ್ಸಿನಲ್ಲಿ ಒಬ್ಬಾಕೆ ಚೀಲ ಎತ್ತಿಡಬೇಕೆಂದು ಕೂಸನ್ನು ನನ್ನತ್ತ ಚಾಚಿದವಳು, ಮುಖ ನೋಡಿ “ಅಯ್ಯೋ ದೇವರೇ” ಎಂದು ಪಕ್ಕದಲ್ಲಿದ್ದ ಲಿಬ್ರಾದೊನಿಗೆ ಕೊಟ್ಟಳು. ಚಿತ್ರದಲ್ಲಿ ಅಡುಗೆಮನೆಗೆ ಬೆಂಕಿ ಹಚ್ಚಿದವನು ಅವನು. ಅವನಾದರೆ ಆಗಬಹುದು, ನಾನಾದರೆ ಆಗದು. ಇದು ಯಾವ ನ್ಯಾಯ?

ನನ್ನ ಮಗಳು ಯೊಕಾಸ್ತ ಹುಟ್ಟಿದ್ದು ಆ ಚಿತ್ರೀಕರಣದ ಮೂರನೇ ವಾರದಲ್ಲಿ. ನಾನು ರಾಜಧಾನಿಯಲ್ಲಿದ್ದೆ. ಹನ್ನೆರಡು ಕೂಸುಗಳಿಗೆ ಬಾಟಲಿ ಹಿಡಿಯುತ್ತಿದ್ದೆ, ಬಿಡುವು ಎಲ್ಲಿತ್ತು? ಮನೆಗೆ ಬಂದಾಗ ಅವಳಿಗೆ ಮೂರು ತಿಂಗಳು. ನನ್ನನ್ನು ನೋಡಿ ಕಿಟಾರನೆ ಕಿರುಚಿಕೊಂಡಳು. ಆಮೇಲೆ ಇದೇ ಟಾಕೀಸಿನಲ್ಲಿ ನನ್ನ ಹೆಂಡತಿ ಒನೇಯ್ದಾ ಮಡಿಲಲ್ಲಿ ಕೂಸಿಟ್ಟುಕೊಂಡು ಚಿತ್ರ ನೋಡಿದಳು. ಹೊರಗೆ ಬಂದಾಗ ಜಂಬದಿಂದ ಕೇಳಿದೆ, “ಹೆಂಗಿತ್ತೇ?” ಅವಳು ಅಂದಳು, “ಚೆನ್ನಾಗಿತ್ತು ಕಣೋ ಕಾನೋ. ಆ ಕೂಸಿಗೆ ಬಾಟಲಿ ಹಿಡಿದ್ಯಲ್ಲ, ತಲೆ ಎಷ್ಟು ಹದವಾಗಿ ಎತ್ತಿ ಹಿಡ್ಕೊಂಡಿದ್ದೆ. ನಿಂಗೆ ಅದೆಲ್ಲ ಬರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.”

ನೀವು ನಗುತ್ತಿದ್ದೀರಿ. ನಗಿ. ಅವತ್ತು ನಾನೂ ನಕ್ಕೆ. ಈ ಮಾತನ್ನು ನೂರು ಮದುವೆಮನೆಗಳಲ್ಲಿ ತಮಾಷೆಯಾಗಿ ಹೇಳಿದ್ದೇನೆ. ಒನೇಯ್ದಾ ಹೋಗಿ ಆರು ವರ್ಷವಾಯಿತು. ಈಗ ಹೇಳುವಾಗ ಯಾಕೋ ನಗು ಬರುತ್ತಿಲ್ಲ.

ಇರಲಿ. ನೀರು ಕುಡಿಯುತ್ತೇನೆ.

ಮೊಮ್ಮಗಳ ವಿಷಯಕ್ಕೆ ಬಂದೆ. ಕೂಸನ್ನು ತೊಟ್ಟಿಯ ಮೇಲೆ ಹಿಡಿಯುವ ಧರ್ಮತಂದೆ ನಾನೇ ಆಗುತ್ತೇನೆ ಅಂತ ಮಗಳನ್ನು ಕೇಳಿದೆ. ತಾತ ಧರ್ಮತಂದೆ ಆಗುವುದು ನಮ್ಮಲ್ಲಿ ಹೊಸದೇನಲ್ಲ. ಅವಳು ಆರಿಸಿದ್ದು ತನ್ನ ಭಾವನನ್ನು. ಆತ ದನದ ಡಾಕ್ಟರು. ಒಳ್ಳೆಯವರು, ಇಲ್ಲೇ ಇದ್ದಾರೆ. ಕರು ಹಿಡಿದ ಅನುಭವವಾದರೂ ಇದೆ. ನನಗೆ ರೇಗಿತು. “ಅದು ಗೊಂಬೆ ಕಣೇ! ಸ್ವಂತ ಮಗಳೂ ಸಿನಿಮಾ ನಂಬ್ತಾಳಲ್ಲ!” ಎಂದು ಕೂಗಾಡಿದೆ. ಯೊಕಾಸ್ತ ಬಾಳೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು, “ಬೀಳಿಸ್ತೀಯ ಅಂತ ಅಲ್ಲಪ್ಪಾ. ನೀನು ಬರೋದೇ ಇಲ್ಲ ಅಂತ.”

ಸಭಿಕರೇ, ಅವಳ ಜ್ಞಾನಸ್ನಾನದ ಫೋಟೋದಲ್ಲಿ ಪಾದ್ರಿ ಇದ್ದಾರೆ, ಒನೇಯ್ದಾ ಇದ್ದಾಳೆ, ಪಕ್ಕದ ಮನೆಯ ಮುದುಕಿಯೂ ಇದ್ದಾಳೆ, ನಾನಿಲ್ಲ. ಇಗುಯೆಯ್ ಊರಿನಲ್ಲಿ ಹಬ್ಬದ ಕಛೇರಿ ಇತ್ತು, ಬರುವಾಗ ಬಸ್ಸು ಕೆಟ್ಟಿತು ಎಂದು ಅವತ್ತಿನಿಂದಲೂ ಹೇಳುತ್ತ ಬಂದಿದ್ದೇನೆ. ತೆಯೊಗೆ ಗೊತ್ತು, ಲಿಬ್ರಾದೊಗೆ ಗೊತ್ತು. ಬಸ್ಸು ಕೆಟ್ಟಿರಲಿಲ್ಲ. ಜನ ಇನ್ನೊಂದು ಹಾಡು ಅಂದರು. ನಾನು ಕೂತೆ. ಆಮೇಲೆ ಇನ್ನೊಂದು ಅಂದರು.

ಹೀಗೆ ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಬರೆದುಕೊಂಡು ಬಂದದ್ದು ಬೇರೆಯೇ ಇದೆ, ಅದರಲ್ಲಿ ಅಧ್ಯಕ್ಷರ ಬಗ್ಗೆ ನಾಲ್ಕು ಒಳ್ಳೆಯ ಮಾತುಗಳಿವೆ. ಅವರು ದಯವಿಟ್ಟು ಆಮೇಲೆ ಓದಿಕೊಳ್ಳಬೇಕು. ಏಕೆಂದರೆ ಈಗ ಹೇಳುವುದು ಅವರಿಗೆ ಹಿಡಿಸುವುದಿಲ್ಲ. ಭಾನುವಾರದ ಬಸ್ಸಿನಲ್ಲಿ ನನ್ನ ಸೀಟು ಖಾಲಿ. ತೆಯೊ, ಹಾಗೆ ಗುರಾಯಿಸಬೇಡ ಮಾರಾಯ. ಈ ಊರಲ್ಲಿ ಕಲ್ಲು ಎಸೆದರೆ ಒಬ್ಬ ತಂಬೋರದವನಿಗೆ ತಾಗುತ್ತದೆ, ಯಾರನ್ನಾದರೂ ಕರೆದುಕೊಂಡು ಹೋಗು.

ಯೊಕಾಸ್ತ, ನೀನು ಬಾಗಿಲ ಹತ್ತಿರ ಕೂಸನ್ನು ತೂಗುತ್ತ ನಿಂತಿರುವುದು ಕಾಣುತ್ತಿದೆ. ಕೂಸನ್ನು ಡಾಕ್ಟರೇ ಹಿಡಿಯಲಿ, ಮೇಣದಬತ್ತಿ ಅವರ ಹೆಂಡತಿ ಹಿಡಿಯಲಿ. ನಾನು ಜಗಳಕ್ಕೆ ಬರುವುದಿಲ್ಲ. ಆದರೆ ತಲೆಗೆ ತಣ್ಣೀರು ಬಿದ್ದಾಗ ಅದು ಅಳುತ್ತದಲ್ಲ, ಆಗ ಒರೆಸಲು ಒಬ್ಬ ಬೇಕಾಗುತ್ತಾನೆ. ಒಂಬತ್ತು ಗಂಟೆಗೇ ಬಂದು ಟವೆಲ್ ಹಿಡಿದು ನಿಂತಿರುತ್ತೇನೆ. ನನ್ನ ಕೈ ಜಾರಿದರೂ ಬೀಳುವುದು ಟವೆಲ್ಲು ತಾನೇ.

ಶಾಲು ಹೊದಿಸಿದ ಅಧ್ಯಕ್ಷರಿಗೂ, ಬಿದ್ದಾಗಲೆಲ್ಲ ನಕ್ಕ ನಿಮಗೂ ನಾನು ಋಣಿ. ಇನ್ನೊಂದು ಹಾಡು ಅನ್ನಬೇಡಿ, ಕೈ ಮುಗಿಯುತ್ತೇನೆ. ಎಲ್ಲರಿಗೂ ನಮಸ್ಕಾರ. ಮಗಳೇ, ಭಾನುವಾರ ಬಂದೇ ಬರ್ತೀನಿ ಕಣೇ.